ಮಲೆನಾಡಿನ ಮಳೆಗಾಲಕ್ಕೆ ಒಗ್ಗುವ ಎಮ್ಯುಲೇಟರ್‌ಗಳು

ತೀರ್ಥಹಳ್ಳಿ ಕಡೆ ಮಳೆ ಹಿಡಿಯಿತೆಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ನಡೆಯುವುದು ಹಳೇ ಗೇಮ್‌ಗಳೇ. ಎಮ್ಯುಲೇಟರ್ (ಹಳೇ ಕನ್ಸೋಲ್‌ನ ಗೇಮನ್ನು ಬೇರೆ ಸಾಧನದಲ್ಲಿ ಓಡಿಸುವ ತಂತ್ರಾಂಶ) ಆರಿಸುವಾಗ ನಾನು ಮೊದಲು ನೋಡುವುದು ಚಾರ್ಜ್ ಎಷ್ಟು ಹೊತ್ತು ಬರುತ್ತದೆ ಅಂತ. ಗ್ರಾಫಿಕ್ಸ್ ಆಮೇಲೆ.

ನಿಂಟೆಂಡೊದ ಕೈ ಕನ್ಸೋಲ್‌ಗಳಾದ 1989ರ ಗೇಮ್‌ಬಾಯ್, ಆಮೇಲೆ ಬಂದ ಗೇಮ್‌ಬಾಯ್ ಕಲರ್, 2001ರ ಗೇಮ್‌ಬಾಯ್ ಅಡ್ವಾನ್ಸ್, ಈ ಮೂರಕ್ಕೂ ಎಂಜಿಬಿಎ (mGBA) ಎಂಬ ಎಮ್ಯುಲೇಟರ್ ಒಂದೇ ಸಾಕು. ಅಡ್ವಾನ್ಸ್‌ನ ಪ್ರೊಸೆಸರ್ ವೇಗ 17 ಮೆಗಾಹರ್ಟ್ಸ್ ಕೂಡ ಇರಲಿಲ್ಲ. ಈಗಿನ ಅಗ್ಗದ ಸಾಧನಕ್ಕೂ ಅದು ಭಾರವಲ್ಲ. ಲ್ಯಾಪ್‌ಟಾಪಲ್ಲಿ ಎಂಜಿಬಿಎಯನ್ನೇ ಹಾಕಿಕೊಂಡಿದ್ದೇನೆ. ಕೈಯಲ್ಲಿ ಹಿಡಿಯುವ ಪುಟ್ಟ ಕನ್ಸೋಲ್‌ನಲ್ಲಿ ಹಲವು ಎಮ್ಯುಲೇಟರ್‌ಗಳನ್ನು ಒಂದೇ ಕಡೆ ಓಡಿಸುವ ರೆಟ್ರೋಆರ್ಚ್ ಇದೆ, ಅದರೊಳಗೆ ಎಂಜಿಬಿಎ ಕೋರ್, ಅಂದರೆ ಎಂಜಿಬಿಎಯ ಎಂಜಿನ್. ರೆಟ್ರೋಆರ್ಚ್‌ನ ಮೆನು ಮಾತ್ರ ಆಗುಂಬೆ ಕಾಡು, ಹೊಕ್ಕರೆ ದಾರಿ ಸಿಗಲ್ಲ. ಫೋನಲ್ಲಿ ಆಡುತ್ತೇನೆ ಎನ್ನುವವರಿಗೆ ಆಂಡ್ರಾಯ್ಡ್‌ನ ಲೆಮುರಾಯ್ಡ್ ಆ್ಯಪ್ ಸುಲಭ.

ಚಿತ್ರ ಚೆನ್ನಾಗಿ ಕಾಣಬೇಕಾದರೆ ಪರದೆಯ ಲೆಕ್ಕ ಗೊತ್ತಿರಬೇಕು. ನನ್ನ ಕನ್ಸೋಲ್‌ನದು 640x480 ಚುಕ್ಕಿ (ಪಿಕ್ಸೆಲ್). ಗೇಮ್‌ಬಾಯ್ ಚಿತ್ರ 160x144, ಮೂರು ಪಟ್ಟು ಮಾಡಿದರೆ 480x432, ಸರಿಯಾಗಿ ಕೂರುತ್ತದೆ. ಅಡ್ವಾನ್ಸ್‌ನದು 240x160. ಅದನ್ನು ಅಗಲಕ್ಕೆ ಪೂರ್ತಿ ಎಳೆದರೆ ಎರಡೂವರೆಗಿಂತ ಸ್ವಲ್ಪ ಜಾಸ್ತಿ ಪಟ್ಟು. ಆಗ ಕೆಲವು ಚುಕ್ಕಿ ದಪ್ಪ, ಕೆಲವು ಸಣ್ಣ. ಪಾತ್ರ ನಡೆದಾಗ ಹಿಂದಿನ ಹುಲ್ಲು, ಗೋಡೆ ಎಲ್ಲ ಮಿಣಮಿಣ ಅನ್ನುತ್ತವೆ. ಚಿತ್ರವನ್ನು ಎರಡು, ಮೂರು ಹೀಗೆ ಪೂರ್ತಿ ಪಟ್ಟಿನಲ್ಲೇ ಹಿಗ್ಗಿಸುವ 'ಇಂಟಿಜರ್ ಸ್ಕೇಲ್' ಆನ್ ಮಾಡಿದರೆ ಸುತ್ತ ಕಪ್ಪು ಅಂಚು ಬರುತ್ತದೆ, ಚಿತ್ರ ಮಾತ್ರ ಕತ್ತರಿಸಿಟ್ಟಂತೆ ಚೊಕ್ಕ. ಅಡ್ವಾನ್ಸ್ ಗೇಮೇ ಜಾಸ್ತಿ ಆಡುವವರು 720x480 ಪರದೆಯ ಕನ್ಸೋಲ್ ಕೊಳ್ಳಿ, ಮೂರು ಪಟ್ಟಿಗೆ ಭರ್ತಿ ಆಗುತ್ತದೆ.

ಸೇವ್ ವಿಷಯಕ್ಕೆ ಬರೋಣ. ಅಕ್ಕನ ಮಗ ಬಂದಾಗಲೆಲ್ಲ, "ಮಾಮ, ಲ್ಯಾಪ್‌ಟಾಪಲ್ಲಿ ಆಡಿದ್ದು ಇದರಲ್ಲಿ ಬರಲ್ವಾ?" ಅಂತ ಕೇಳುತ್ತಾನೆ. ಬರುತ್ತದೆ, ಗೇಮ್‌ನ ಒಳಗಿನ ಸೇವ್ ಬಳಸಿದ್ದರೆ. ಎಂಜಿಬಿಎ ಅದನ್ನು '.sav' ಫೈಲಾಗಿ, ರೆಟ್ರೋಆರ್ಚ್ '.srm' ಫೈಲಾಗಿ ಇಡುತ್ತದೆ. ಸಾಮಾನ್ಯವಾಗಿ ಹೆಸರಿನ ಬಾಲ ಬದಲಿಸಿದರೆ ಸಾಕು. ಸೇವ್ ಸ್ಟೇಟ್, ಅಂದರೆ ಆಡುತ್ತಿದ್ದ ಆ ಕ್ಷಣವನ್ನೇ ಎಮ್ಯುಲೇಟರ್ ಹಿಡಿದಿಡುವುದು, ಹಾಗಲ್ಲ. ಅದು ಆಯಾ ಎಮ್ಯುಲೇಟರ್‌ಗೇ ಅಂಟಿಕೊಂಡಿರುತ್ತದೆ, ಕೆಲವೊಮ್ಮೆ ಅಪ್‌ಡೇಟ್ ಆದಮೇಲೂ ತೆರೆಯಲ್ಲ. ಕರೆಂಟ್ ನಂಬಲಾಗದ ಊರಲ್ಲಿ ಎರಡನ್ನೂ ಮಾಡಿಡುವುದು ಒಳ್ಳೆಯದು.

ನಿಂಟೆಂಡೊದ ಇನ್ನೊಂದು ಕೈ ಕನ್ಸೋಲ್ ಡಿಎಸ್‌ಗೆ ಎರಡು ಪರದೆ, ಜತೆಗೆ ಟಚ್. ಅದಕ್ಕೆ ಫೋನನ್ನು ಉದ್ದಕ್ಕೆ ಹಿಡಿದು ಮೆಲಾನ್‌ಡಿಎಸ್ ಎಮ್ಯುಲೇಟರ್‌ನಲ್ಲಿ ಆಡುವುದೇ ಸರಿ. ಸೋನಿಯ ಕೈ ಕನ್ಸೋಲ್ ಪಿಎಸ್‌ಪಿಗೆ ಪಿಪಿಎಸ್‌ಎಸ್‌ಪಿಪಿ (PPSSPP) ಎಮ್ಯುಲೇಟರ್ ಬಿಟ್ಟು ಬೇರೆ ಹುಡುಕಬೇಡಿ, ಬಯೋಸ್ ಫೈಲ್ (ಮೂಲ ಕನ್ಸೋಲ್‌ನೊಳಗಿನ ತಂತ್ರಾಂಶ) ಕೂಡ ಬೇಡ. ಹಳೇ ಫೋನಲ್ಲಿ ತಡವರಿಸಿದರೆ ರೆಂಡರಿಂಗ್ ರೆಸಲ್ಯೂಷನ್ ಒಂದು ಪಟ್ಟಿಗೆ (1x) ಇಳಿಸಿ, ಚಿತ್ರ ಬಿಡಿಸುವ ವಿಧಾನಗಳಾದ ವಲ್ಕನ್, ಓಪನ್‌ಜಿಎಲ್ ಎರಡನ್ನೂ ಒಂದಾದಮೇಲೆ ಒಂದು ಹಾಕಿ ನೋಡಿ. ಆದರೆ ಇದು ಚಾರ್ಜ್ ಕುಡಿಯುತ್ತದೆ. ಇನ್ವರ್ಟರ್ ತುಂಬಿರುವ ದಿನ ಮಾತ್ರ ನಾನು ಪಿಎಸ್‌ಪಿ ಗೇಮ್ ತೆಗೆಯುವುದು.