ಸೆಪರೇಷನ್ ಲ್ಯಾಬಿಗೆ ಬ್ಯಾಡಗಿ ಮೆಣಸಿನಕಾಯಿ ಬಂದದ್ದು

ಹುಬ್ಬಳ್ಳಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಹುಡುಗರಿಗೆ ಸೆಪರೇಷನ್ ಲ್ಯಾಬ್ (ಬೆರೆತದ್ದನ್ನು ಬೇರ್ಪಡಿಸುವ ಪ್ರಯೋಗಗಳು) ನಡೆಸುವ ನನಗೆ ತಲೆನೋವಾಗಿದ್ದು ಪ್ರಯೋಗಗಳಲ್ಲ, ಅವನ್ನು ಬರೆದಿಡುವ ಜರ್ನಲ್‌ಗಳು. ಡಿಸ್ಟಿಲೇಷನ್ (ಕುದಿಸಿ, ಆವಿ ತಣಿಸಿ ಬೇರ್ಪಡಿಸುವುದು), ಎಕ್ಸ್‌ಟ್ರಾಕ್ಷನ್, ಲೀಚಿಂಗ್, ಡ್ರೈಯಿಂಗ್ ವರ್ಷವರ್ಷವೂ ಅವೇ. ಸೀನಿಯರ್‌ನ ಜರ್ನಲ್ ಸಿಕ್ಕರೆ ರೀಡಿಂಗ್ ಸಮೇತ ಇಳಿಸಿಕೊಂಡು ಬರುತ್ತಾರೆ. ಅದಕ್ಕೇ ಸೆಮಿಸ್ಟರ್‌ನ ಮೊದಲರ್ಧ ಮಾಮೂಲಿ ಪ್ರಯೋಗ, ಉಳಿದರ್ಧ ಪ್ರಾಜೆಕ್ಟ್ ಅಂತ ಮಾಡಿಕೊಂಡೆ. ವಿಷಯ ಹಂಚುವ ಮೊದಲೇ ಅಂಕದ ಪಟ್ಟಿ ಗೋಡೆಗೆ ಅಂಟಿಸುತ್ತೇನೆ: 50ರಲ್ಲಿ ಪ್ಲಾನಿಗೆ 10, ಕೈಕೆಲಸಕ್ಕೆ 10, ಮಾಸ್ ಬ್ಯಾಲೆನ್ಸಿಗೆ (ಹಾಕಿದ ತೂಕ, ಬಂದ ತೂಕದ ಲೆಕ್ಕ) 15, ವೈವಾಕ್ಕೆ (ಬಾಯಿ ಪರೀಕ್ಷೆ) 15. ಇಳುವರಿ ಹೆಚ್ಚು ಬಂತೆಂದು ಒಂದು ಅಂಕವೂ ಇಲ್ಲ.

ಪ್ಲಾನ್ ಎಂದರೆ ಒಂದೇ ಪುಟ. ಯಾವ ಸಾಲ್ವೆಂಟ್ (ಕರಗಿಸುವ ದ್ರವ), ಯಾಕೆ, ಎಷ್ಟಕ್ಕೆ ಕುದಿಯುತ್ತದೆ, ಏನು ಫಲ ಬರಬಹುದು. ಊಹೆ ತಪ್ಪಿದರೆ ಅಂಕ ಹೋಗುವುದಿಲ್ಲ, ಊಹೆಯನ್ನೇ ಬರೆಯದಿದ್ದರೆ ಹೋಗುತ್ತದೆ. ಪ್ಲಾನಿಗೆ ನನ್ನ ಸಹಿ ಬೀಳುವವರೆಗೆ ಫ್ಲಾಸ್ಕ್ ಕಾಯಿಸುವ ಮ್ಯಾಂಟಲ್‌ನ ಸ್ವಿಚ್ ಹಾಕುವಂತಿಲ್ಲ.

ಎಲ್ಲರಿಗೂ ಇಷ್ಟವಾಗುವ ಪ್ರಾಜೆಕ್ಟ್ ಬ್ಯಾಡಗಿ ಮೆಣಸಿನಕಾಯಿಯದು. ಖಾರ ಕಡಿಮೆ, ಬಣ್ಣ ಹೆಚ್ಚು, ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಹುಡುಗರ ಒಂದು ಬ್ಯಾಚಿಗೆ ಡಬ್ಬಿ ತಳಿ, ಇನ್ನೊಂದಕ್ಕೆ ಕಡ್ಡಿ. ಒಂದಕ್ಕೆ ಬೀಜ ಸಹಿತ, ಇನ್ನೊಂದಕ್ಕೆ ಬೀಜ ತೆಗೆದದ್ದು. ಮತ್ತೊಂದಕ್ಕೆ ಬಿಸಿಲಿಗಿಟ್ಟ ಪುಡಿ. ಪ್ರಶ್ನೆ ಬೇರೆಬೇರೆ ಆದಮೇಲೆ ಪಕ್ಕದವರದು ನಕಲು ಮಾಡಿ ಏನು ಬಂತು? ಸಾಕ್ಸ್‌ಲೆಟ್‌ನಲ್ಲಿ (ಸಾಲ್ವೆಂಟನ್ನು ಕುದಿಸಿ, ತಣಿಸಿ, ಮತ್ತೆ ಮತ್ತೆ ಪುಡಿಯ ಮೇಲೆ ಹರಿಸುವ ಗಾಜಿನ ಸಾಧನ) ಅಸಿಟೋನ್ ಹಾಕಿ ಬಣ್ಣ ಇಳಿಸಿ, ತೆಳು ಮಾಡಿ, 460 ನ್ಯಾನೋಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ (ಎಷ್ಟು ಬೆಳಕು ಹೀರುತ್ತದೆ ಎಂಬುದು) ನೋಡುತ್ತಾರೆ. ಪುಡಿ ತೂಗುವಾಗ ಮಾತ್ರ ಮಾಸ್ಕ್ ಬೇಕೇ ಬೇಕು. ಇಲ್ಲದಿದ್ದರೆ ಇಡೀ ಲ್ಯಾಬ್ ಕೆಮ್ಮುತ್ತದೆ.

ಮಾಸ್ ಬ್ಯಾಲೆನ್ಸ್‌ಗೆ ಅಷ್ಟು ಅಂಕ ಇಟ್ಟದ್ದು ಸುಮ್ಮನಲ್ಲ. 10 ಗ್ರಾಂ ಪುಡಿ ಹಾಕಿದವರು ಒಣಗಿಸಿದ ಚರಟವನ್ನೂ ಬಣ್ಣದ ಸಾರವನ್ನೂ ತೂಗಿದರೆ ಸುಮಾರು 9 ಬರುತ್ತದೆ.

"ಸರ್, ಒಂದ್ ಗ್ರಾಂ ಎಲ್ಲಿ ಹೋತ್ರಿ?"

"ಅದನ್ನ ನೀವ ಹುಡುಕಬೇಕಲ್ಲೋ."

ಪುಡಿಯ ತೇವ ನೆನಪಾಗುವುದು ಆಮೇಲೆ. ಇನ್ನೊಂದು ಚೂರು ಪುಡಿಯನ್ನು ಓವನ್‌ಗಿಟ್ಟು ತೂಗಿ, ಲೆಕ್ಕ ಕೂಡಿಸುತ್ತಾರೆ. ಹಾಕಿದ್ದೆಲ್ಲ ಚಾಚೂ ತಪ್ಪದೆ ವಾಪಸ್ ಬಂತು ಎಂದು ಬರೆದವರನ್ನು ವೈವಾದಲ್ಲಿ ನಾನು ಮೊದಲು ಕರೆಯುತ್ತೇನೆ.

ಎರಡನೆಯ ಪ್ರಾಜೆಕ್ಟ್ ಅಗ್ಗದ್ದು. ನೀರಿನಲ್ಲಿರುವ ಅಸಿಟಿಕ್ ಆಮ್ಲವನ್ನು ಈಥೈಲ್ ಅಸಿಟೇಟ್‌ನಿಂದ ತೆಗೆಯುವುದು; ಅಷ್ಟೇ ಸಾಲ್ವೆಂಟನ್ನು ಒಂದೇ ಸಲಕ್ಕೆ ಹಾಕಿದರೆ ಎಷ್ಟು, ಮೂರು ಪಾಲು ಮಾಡಿ ಹಾಕಿದರೆ ಎಷ್ಟು? ಮೂರು ಪಾಲೇ ಗೆಲ್ಲುತ್ತದೆ, ಅದು ಪುಸ್ತಕದಲ್ಲೂ ಇದೆ. ರುಚಿ ಇರುವುದು ನೀರಿನಲ್ಲಿ ಉಳಿದ ಆಮ್ಲವನ್ನು ಕ್ಷಾರ ಹನಿಸಿ ಅಳೆಯುವ ಟೈಟ್ರೇಷನ್‌ನಲ್ಲಿ. ಗುಲಾಬಿ ಬಣ್ಣ ಬಂದು, ನೋಡುನೋಡುತ್ತಲೇ ಮಾಸುತ್ತದೆ. "ಸರ್, ಬಣ್ಣ ನಿಂದರವಲ್ದ್ರಿ" ಅಂತ ಬ್ಯುರೆಟ್ ಬಿಟ್ಟು ಓಡಿ ಬರುತ್ತಾರೆ. ನೀರಿನಲ್ಲಿ ಕರಗಿ ಉಳಿದ ಈಥೈಲ್ ಅಸಿಟೇಟ್ ನಿಧಾನಕ್ಕೆ ಕ್ಷಾರವನ್ನು ತಿನ್ನುತ್ತಿರುತ್ತದೆ. ಬಣ್ಣ ಅರ್ಧ ನಿಮಿಷ ನಿಂತರೆ ಸಾಕೆಂದು ಮೊದಲೇ ಒಪ್ಪಿಕೊಂಡಿರುತ್ತೇವೆ, ಕಾರಣ ಮಾತ್ರ ಹೇಳಿರುವುದಿಲ್ಲ. ಅದು ವೈವಾದ ಪ್ರಶ್ನೆ. ಉತ್ತರ ಧಾರವಾಡ ಕನ್ನಡದಲ್ಲಿ ಬಂದರೂ ಪೂರ್ತಿ ಅಂಕ. ಇಂಗ್ಲಿಷ್‌ನಲ್ಲಿ ತಡವರಿಸುವ ಹುಡುಗ ಕನ್ನಡದಲ್ಲಿ ಎಷ್ಟು ಚೊಕ್ಕ ಹೇಳುತ್ತಾನೆಂದರೆ, ಬರೀ ಜರ್ನಲ್ ನೋಡಿದ್ದರೆ ಅವನನ್ನು ದಡ್ಡರ ಪಟ್ಟಿಗೆ ಸೇರಿಸಿಬಿಡುತ್ತಿದ್ದೆ.

ವೇಳಾಪಟ್ಟಿ ಹಾಕುವಾಗ ನಮ್ಮೂರಿನ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆವಿ ತಣಿಸುವ ಕಂಡೆನ್ಸರ್‌ಗೆ ನಲ್ಲಿ ನೀರು ಹರಿಯಬಿಡುವುದು ನಮಗೆ ಗಿಟ್ಟುವುದಿಲ್ಲ. ಕೂಲರ್‌ನ ಸಣ್ಣ ಪಂಪನ್ನು ಬಕೆಟ್‌ಗೆ ಇಳಿಸಿ ಅದೇ ನೀರು ತಿರುಗಿಸುತ್ತೇವೆ. ಏಪ್ರಿಲ್‌ನಲ್ಲಿ ಆ ಬಕೆಟ್ಟೂ ಕಾಯುತ್ತದೆ, ಅಸಿಟೋನ್ 56 ಡಿಗ್ರಿಗೇ ಕುದಿಯುವಂಥದ್ದು. ಹಾಗಾಗಿ ಸಾಕ್ಸ್‌ಲೆಟ್ ಬ್ಯಾಚುಗಳೆಲ್ಲ ಬೆಳಗಿನ ಹೊತ್ತು, ಬಕೆಟ್‌ನಲ್ಲಿ ಐಸ್.

ಬಳಸಿದ ಅಸಿಟೋನ್ ಚೆಲ್ಲುವುದಿಲ್ಲ. ಅದೇ ಮುಂದಿನ ಬ್ಯಾಚಿನ ಡಿಸ್ಟಿಲೇಷನ್‌ಗೆ ಫೀಡ್. ಹೆಕ್ಸೇನ್ ಎಂಬ ಇನ್ನೊಂದು ಸಾಲ್ವೆಂಟ್ ಅದರೊಳಗೆ ಬೆರೆತರೆ ಎರಡೂ ಸೇರಿ ಅಜಿಯೋಟ್ರೋಪ್ (ಒಟ್ಟಿಗೇ ಕುದಿದು ಹೋಗುವ ಮಿಶ್ರಣ) ಆಗಿ, ಮಾಮೂಲಿ ಡಿಸ್ಟಿಲೇಷನ್‌ಗೆ ಬಗ್ಗುವುದಿಲ್ಲ. ಅದಕ್ಕೇ ಬಾಟಲಿ ಬೇರೆ, ಚೀಟಿ ಬೇರೆ. ಚೀಟಿ ಇಲ್ಲದ ಬಾಟಲಿ ಸಿಕ್ಕರೆ ಆ ಬ್ಯಾಚಿನ ಕೈಕೆಲಸದಲ್ಲಿ 2 ಅಂಕ ಕಡಿತ.