ಬಯಲಿಗೆ ಶಿಲ್ಪ ಆಯುವುದು: ನಗರ ಪ್ರದರ್ಶನದ ಸಮಿತಿಗೊಂದು ಕೈಪಿಡಿ

ಗ್ಯಾಲರಿಯಲ್ಲಿ ಆಳೆತ್ತರ ನಿಂತು ಗಂಭೀರವಾಗಿ ಕಾಣುವ ಶಿಲ್ಪವನ್ನು ಕಬ್ಬನ್ ಪಾರ್ಕಿನ ದೊಡ್ಡ ಮರವೊಂದರ ಪಕ್ಕ ತಂದಿಟ್ಟರೆ, ಯಾರೋ ಮರೆತು ಹೋದ ಸಾಮಾನಿನಂತೆ ಕಾಣುತ್ತದೆ. ಒಳಗೆ ಅದರ ಗಾತ್ರವನ್ನು ನಾವು ಛಾವಣಿಗೆ ಹೋಲಿಸಿ ನೋಡುತ್ತೇವೆ. ಹೊರಗೆ ಮರಕ್ಕೆ, ಆಕಾಶಕ್ಕೆ, ಪಕ್ಕದ ಕಟ್ಟಡಕ್ಕೆ. ಆದ್ದರಿಂದ ಆಯ್ಕೆಯ ಕೆಲಸ ಜಾಗದಿಂದ ಶುರುವಾಗಬೇಕು. ಎಷ್ಟೋ ಸಮಿತಿಗಳು ಮೊದಲು ಅರ್ಜಿ ಕರೆದು, ಚೆನ್ನಾಗಿದೆ ಅನಿಸಿದ ಹತ್ತನ್ನು ಆರಿಸಿ, ಆಮೇಲೆ ಎಲ್ಲಿಡೋಣ ಎಂದು ಯೋಚಿಸುತ್ತವೆ. ಆಗ ಉಳಿದ ಜಾಗಕ್ಕೆ ಉಳಿದ ಕೃತಿ ಹೋಗುತ್ತದೆ, ಎರಡಕ್ಕೂ ಅನ್ಯಾಯ. ಜರ್ಮನಿಯ ಮ್ಯೂನ್‌ಸ್ಟರ್ ನಗರದಲ್ಲಿ 1977ರಿಂದ ಹತ್ತು ವರ್ಷಕ್ಕೊಮ್ಮೆ ಶಿಲ್ಪ ಪ್ರದರ್ಶನ ನಡೆಯುತ್ತದೆ. ಅಲ್ಲಿ ಆಹ್ವಾನಿತ ಕಲಾವಿದರು ಊರನ್ನು ನೋಡಿ, ಜಾಗ ಗೊತ್ತುಮಾಡಿಕೊಂಡು, ಅದಕ್ಕೆಂದೇ ಕೃತಿ ಮಾಡುತ್ತಾರೆ. ಅಷ್ಟು ಹಣ ನಮ್ಮ ಊರುಗಳಲ್ಲಿ ಇರಲಿಕ್ಕಿಲ್ಲ. ಆದರೆ ಜಾಗಗಳ ವಿವರವನ್ನು ಅರ್ಜಿಯ ಜೊತೆಗೇ ಕೊಡುವುದಕ್ಕೆ ದೊಡ್ಡ ಖರ್ಚೇನಿಲ್ಲ.

ಇಲ್ಲಿ ಕೊಟ್ಟಿರುವುದು 10 ಕೃತಿಗಳ, ಮೂರು-ನಾಲ್ಕು ತಿಂಗಳ ಪ್ರದರ್ಶನದ ಲೆಕ್ಕ. ಬೆಂಗಳೂರು, ಮೈಸೂರು ಕಡೆ ನವೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಅದಕ್ಕೆ ಒಂಬತ್ತು ತಿಂಗಳ ಮುಂಚೆಯೇ ಕೆಲಸ ಹಿಡಿಯಿರಿ.

ಜಾಗ ಗೊತ್ತುಮಾಡುವುದು

ಮೊದಲು ಕಾನೂನು. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮತ್ತಿತರ ಸಾರ್ವಜನಿಕ ಸೌಲಭ್ಯದ (ಪಬ್ಲಿಕ್ ಯುಟಿಲಿಟಿ) ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯಗಳಿಗೆ ಆದೇಶಿಸಿದೆ. ಹಾಗಾಗಿ ಸರ್ಕಲ್ಲು, ಫುಟ್‌ಪಾತ್ ಆಸೆ ಬಿಟ್ಟು ಉದ್ಯಾನ, ವಸ್ತುಸಂಗ್ರಹಾಲಯದ ಅಂಗಳ, ಕಾಲೇಜಿನ ಆವರಣ ನೋಡಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಿಗೆ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ತೋಟಗಾರಿಕೆ ಇಲಾಖೆಯ ಲಿಖಿತ ಒಪ್ಪಿಗೆ ಕೈಗೆ ಬರುವ ತನಕ ಕಲಾವಿದರಿಗೆ ಆ ಜಾಗದ ಮಾತೇ ಎತ್ತಬೇಡಿ.

ಪ್ರತಿ ಜಾಗಕ್ಕೂ ಒಂದು ಪುಟದ ವಿವರ ಬರೆಯಿರಿ: ಉದ್ದಗಲ, ನೆಲ ಹುಲ್ಲೋ ಕಲ್ಲುಹಾಸೋ, ಲಾರಿ ಬರುವ ಗೇಟಿನ ಅಗಲ, ದಾರಿಯಲ್ಲಿ ಅತಿ ತಗ್ಗಿನ ಕೊಂಬೆ ಎಷ್ಟು ಎತ್ತರದಲ್ಲಿದೆ, ಮೇಲೆ ವಿದ್ಯುತ್ ತಂತಿ ಇದೆಯೇ, ನೆಲದಡಿ ನೀರಿನ ಪೈಪು, ಕೇಬಲ್ ಎಲ್ಲಿ. ಜೊತೆಗೆ ಬೆಳಗ್ಗೆ 7, ಮಧ್ಯಾಹ್ನ 1, ಸಂಜೆ 7 ಗಂಟೆಗೆ ತೆಗೆದ ಮೂರು ಫೋಟೊ. ಸಂಜೆಯ ಫೋಟೊದಲ್ಲಿ ಏನೂ ಕಾಣದಿದ್ದರೆ ಅಲ್ಲಿಗೆ ದೀಪದ ಖರ್ಚು ಬರುತ್ತದೆ ಎಂದರ್ಥ.

ಒಂದು ಕೃತಿ ಇಡಿಯಾಗಿ ಕಣ್ಣಿಗೆ ಬೀಳಬೇಕಾದರೆ ನೋಡುವವರು ಅದರ ಎತ್ತರದ ಸುಮಾರು ಎರಡರಷ್ಟು ದೂರ ನಿಲ್ಲಬೇಕು. 3 ಮೀಟರ್ ಕೃತಿಗೆ ಕನಿಷ್ಠ ಒಂದು ಕಡೆಯಾದರೂ 6 ಮೀಟರ್ ತೆರವು ಬೇಕು. ಗಾತ್ರದ ಬಗ್ಗೆ ಅನುಮಾನವಿದ್ದರೆ ಗಳ ಕಟ್ಟಿ ನೋಡಿ: ನಾಲ್ಕು ಬಿದಿರು ಗಳ, ಹಗ್ಗ, ಎರಡು ಹಳೆಯ ಬೆಡ್‌ಶೀಟು ಸಾಕು. ಕೃತಿಯ ಹೊರ ಅಳತೆಗೆ ಚೌಕಟ್ಟು ಕಟ್ಟಿ, ಬಟ್ಟೆ ಸುತ್ತಿ, ಗೇಟಿನ ಹತ್ತಿರದಿಂದ ಒಮ್ಮೆ, ಹತ್ತು ಹೆಜ್ಜೆ ದೂರದಿಂದ ಒಮ್ಮೆ ನೋಡಿ. ಕಾಗದದಲ್ಲಿ ದೊಡ್ಡದೆನಿಸಿದ 2 ಮೀಟರ್ ಇಲ್ಲಿ ಪೊದೆಯ ಹಿಂದೆ ಮುಳುಗಿಹೋಗುವುದು ಒಂದೇ ಗಂಟೆಯಲ್ಲಿ ತಿಳಿಯುತ್ತದೆ. ಈ ಕೆಲಸವನ್ನು ದಯವಿಟ್ಟು ಬಿಡಬೇಡಿ. ಕಂಪ್ಯೂಟರಿನಲ್ಲಿ ಫೋಟೊ ಮೇಲೆ ಅಂಟಿಸಿದ ಚಿತ್ರ ಇದಕ್ಕೆ ಸಮನಲ್ಲ.

ಮರದ ಕೊಂಬೆಗಳು ಹರಡಿದಷ್ಟು ಜಾಗದಲ್ಲಿ ನೆಲ ಅಗೆಯಬಾರದು, ಬೇರು ಕಡಿದುಹೋಗುತ್ತದೆ. ಹಣ್ಣು ಬಿಡುವ ಕಾಲದ ನೇರಳೆ ಮರದ ಕೆಳಗೆ ತಿಳಿ ಬಣ್ಣದ ಕಲ್ಲನ್ನೂ, ಬಾವಲಿಗಳು ತೂಗುವ ಮರದ ಕೆಳಗೆ ಯಾವುದನ್ನೂ ಇಡಬೇಡಿ. ಗುಲ್‌ಮೊಹರ್ ಕೊಂಬೆ ಗಾಳಿಮಳೆಗೆ ಮುರಿದು ಬೀಳುವಂಥದ್ದು. ಪ್ರದರ್ಶನ ಏಪ್ರಿಲ್‌ವರೆಗೆ ಎಳೆಯುವುದಾದರೆ ಅದರಿಂದಲೂ ದೂರವಿರಿ.

ವಸ್ತು ಯಾವುದು, ಅದು ಹೇಗೆ ಕೆಡುತ್ತದೆ

ಕಲ್ಲಿನಲ್ಲಿ ಸಾದಹಳ್ಳಿ ಗ್ರಾನೈಟಿನಂಥದ್ದು ಬಿಸಿಲು ಮಳೆಗೆ ಜಗ್ಗುವುದಿಲ್ಲ. ತಲೆನೋವೇನಿದ್ದರೂ ತೂಕದ್ದು. ಒಂದು ಘನ ಮೀಟರಿಗೆ ಸುಮಾರು 2.7 ಟನ್. 1.2 ಮೀಟರ್ ಚೌಕದ, 2 ಮೀಟರ್ ಎತ್ತರದ ದಿಮ್ಮಿ 7.8 ಟನ್ ಆಗುತ್ತದೆ. ‘12 ಟನ್’ ಎಂದು ಬರೆದಿರುವ ಹೈಡ್ರಾ ಕ್ರೇನು 12 ಟನ್ ಎತ್ತುವುದು ಬೂಮು, ಅಂದರೆ ಎತ್ತುವ ತೋಳು, ಒಳಗೆಳೆದುಕೊಂಡಾಗ ಮಾತ್ರ. ಚಾಚಿದಷ್ಟೂ ಶಕ್ತಿ ಕುಸಿಯುತ್ತದೆ. ರಸ್ತೆಯ ಅಂಚಿನಿಂದ ಪೀಠದವರೆಗಿನ ದೂರ ಅಳೆದು, ಕ್ರೇನಿನವರ ಲೋಡ್ ಚಾರ್ಟ್ (ಎಷ್ಟು ಚಾಚಿದರೆ ಎಷ್ಟು ತೂಕ ಎತ್ತಬಹುದೆಂಬ ಪಟ್ಟಿ) ಕೇಳಿ ನೋಡಿ. ಬಳಪದ ಕಲ್ಲು ಹೊಯ್ಸಳರ ಕಾಲದಿಂದ ಸೂಕ್ಷ್ಮ ಕೆತ್ತನೆಗೆ ಒಗ್ಗಿದ ಕಲ್ಲು, ಆದರೆ ಮೆತ್ತಗಿನದು. ಜನ ಮುಟ್ಟುವ ಎತ್ತರದಲ್ಲಿ ತೆಳು ಬೆರಳು, ಕಿವಿ, ಆಭರಣದ ಕೆತ್ತನೆ ಇದ್ದರೆ ಅದಕ್ಕೆ ಕಾವಲಿರುವ ಅಂಗಳವೇ ಸರಿ.

ಸ್ಟೇನ್‌ಲೆಸ್ ಸ್ಟೀಲ್ ಎಂದ ಮಾತ್ರಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದುಕೊಳ್ಳಬೇಡಿ. 304 ದರ್ಜೆಯದು ಬೆಂಗಳೂರಿಗೆ ಸಾಕು. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಮಾಲಿಬ್ಡಿನಂ ಬೆರೆತ 316 ಬೇಕು. ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಬೇರೆಯೇ ಇದೆ: ಕೃತಿ ಸ್ಟೇನ್‌ಲೆಸ್, ಒಳಗಿನ ಅಸ್ಥಿಪಂಜರ, ಬೋಲ್ಟು ಸಾದಾ ಕಬ್ಬಿಣ. ಎರಡು ಲೋಹ ತಾಗಿದ ಕಡೆ ಮಳೆನೀರು ನಿಂತರೆ ಕಬ್ಬಿಣ ಬೇಗ ಸವೆಯುತ್ತದೆ, ಹೊಳೆಯುವ ಮೈಮೇಲೆ ಕಂದು ಗೆರೆ ಇಳಿಯುತ್ತದೆ. ಬೋಲ್ಟು, ವಾಷರು, ವೆಲ್ಡಿಂಗ್ ರಾಡ್ ಯಾವ ದರ್ಜೆಯವು ಎಂದು ಅರ್ಜಿಯಲ್ಲೇ ಕೇಳಿ. ಕಾರ್ಟೆನ್ ಸ್ಟೀಲ್ ತನ್ನ ತುಕ್ಕನ್ನೇ ಕವಚ ಮಾಡಿಕೊಳ್ಳುತ್ತದೆ, ಆದರೆ ಅದಕ್ಕೆ ನೆನೆದು ಒಣಗುವ ಸರದಿ ಬೇಕು. ಸದಾ ತೇವವಿದ್ದರೆ ಕವಚ ಗಟ್ಟಿಯಾಗುವುದಿಲ್ಲ. ಮೊದಲ ಮಳೆಗಳಲ್ಲಿ ಅದರಿಂದ ಇಳಿಯುವ ಕೆಂಪು ನೀರು ಕಲ್ಲುಹಾಸಿನ ಮೇಲೆ ಕಲೆ ಬಿಡುತ್ತದಾದ್ದರಿಂದ ಸುತ್ತ ಒಂದಡಿ ಜಲ್ಲಿ ಹರಡಿ.

ಫೈಬರ್ (ಗಾಜಿನ ನಾರಿಗೆ ರಾಳ ಸೇರಿಸಿ ಮಾಡಿದ್ದು) ಹಗುರ, ಅಗ್ಗ, ಎಲ್ಲರೂ ಅದನ್ನೇ ಕಳಿಸುತ್ತಾರೆ. ಬಿಸಿಲಿಗೆ ಮೇಲಿನ ರಾಳ ಸುಣ್ಣದಂತೆ ಉದುರತೊಡಗುತ್ತದೆ, ಬಣ್ಣ ಮಾಸುತ್ತದೆ. ಬಿಸಿಲಿನ ಯುವಿ (ಅತಿನೇರಳೆ) ಕಿರಣ ತಡೆಯುವ ಮೇಲ್ಪದರ ಇದೆಯೇ ಕೇಳಿ. ಕಂಚಿಗೆ ಇಂಥ ಕಷ್ಟಗಳಿಲ್ಲ, ಕಳ್ಳರ ಭಯವಿದೆ: ಕೈಯಲ್ಲಿ ಕೀಳಬಹುದಾದ ಸಣ್ಣ ತುಂಡು ಗುಜರಿಗೆ ಹೋಗುತ್ತದೆ.

ಗಾಳಿಯ ಲೆಕ್ಕ

ಸಮಿತಿಗಳು ಭಾರದ ಕೃತಿಗೆ ಹೆದರುತ್ತವೆ. ನಿಜವಾಗಿ ಹೆದರಬೇಕಾದ್ದು ಹಗುರವಾದ, ಅಗಲವಾದ ಕೃತಿಗೆ. ಉದಾಹರಣೆಗೆ 3 ಮೀಟರ್ ಎತ್ತರ, 1.5 ಮೀಟರ್ ಅಗಲದ, 120 ಕೆ.ಜಿ. ತೂಗುವ ಫೈಬರ್ ಹಲಗೆಯಂಥ ಕೃತಿ ತೆಗೆದುಕೊಳ್ಳಿ. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಇರುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಚದರ ಮೀಟರಿಗೆ ಸುಮಾರು 653 ನ್ಯೂಟನ್. ವಿಸ್ತೀರ್ಣ 4.5 ಚದರ ಮೀಟರ್, ಚಪ್ಪಟೆ ಆಕಾರಕ್ಕೆ 1.2ರ ಗುಣಾಂಕ, ಒಟ್ಟು ತಳ್ಳು ಸುಮಾರು 360 ಕೆ.ಜಿ. ಕೃತಿಯನ್ನು 1.5 ಮೀಟರ್ ಚೌಕದ, 30 ಸೆಂ.ಮೀ. ದಪ್ಪದ ಕಾಂಕ್ರೀಟ್ ಹಾಸಿನ ಮೇಲೆ ನಿಲ್ಲಿಸಿದರೆ ಗಾಳಿ ಉರುಳಿಸುವ ಬಲ (ತಳ್ಳನ್ನು ಹಾಸಿನ ತಳದಿಂದ ಕೃತಿಯ ನಡುಮಟ್ಟಕ್ಕಿರುವ 1.8 ಮೀಟರಿನಿಂದ ಗುಣಿಸಿದ್ದು) 650 ಕೆ.ಜಿ.-ಮೀಟರ್, ಒಂದೂವರೆ ಪಟ್ಟು ಭದ್ರತೆ ಸೇರಿಸಿದರೆ 970. ಹಾಸಿನ ತೂಕ 1,620 ಕೆ.ಜಿ., ಕೃತಿಯದೂ ಸೇರಿ 1,740; ಅದನ್ನು ಹಾಸಿನ ಅರ್ಧ ಅಗಲ 0.75 ಮೀಟರಿನಿಂದ ಗುಣಿಸಿದರೆ ತಡೆಯುವ ಬಲ 1,305. ನಿಲ್ಲುತ್ತದೆ, ನೆಲ ಅಗೆಯುವ ಅಗತ್ಯವೂ ಇಲ್ಲ.

ಅದೇ ಕೃತಿಯನ್ನು ಅದೇ ಹಾಸಿನ ಮೇಲೆ ಮಂಗಳೂರಿಗೆ ಒಯ್ಯಿರಿ. ಅಲ್ಲಿನ ಮೂಲ ವೇಗ 39 ಮೀಟರ್. ವೇಗ ಹೆಚ್ಚಿದ್ದು 6 ಮೀಟರ್ ಮಾತ್ರವಾದರೂ ಒತ್ತಡ ಸುಮಾರು 1.4 ಪಟ್ಟು ಆಗುತ್ತದೆ. ಬೇಕಾದ ಬಲ 1,350 ದಾಟುತ್ತದೆ, ಹಾಸು ಸಾಲದು. ಇದು ಆಯ್ಕೆಯ ಹಂತದ ಅಂದಾಜು ಮಾತ್ರ. ಆಯ್ಕೆಯಾದ ಪ್ರತಿ ಕೃತಿಯ ಅಡಿಪಾಯ, ಆಂಕರ್ ಬೋಲ್ಟು, ಬೇಸ್ ಪ್ಲೇಟಿನ ನಕ್ಷೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇರಲೇಬೇಕು.

ಮುಟ್ಟುವವರು, ಹತ್ತುವವರು

ಮಕ್ಕಳು ಹತ್ತುತ್ತಾರೆ. ‘ಮುಟ್ಟಬೇಡಿ’ ಫಲಕ ನೆಚ್ಚಿಕೊಂಡು ಕೃತಿ ಆರಿಸಬೇಡಿ. ಆಟದ ಮೈದಾನದ ಸಲಕರಣೆಗೆ ಇರುವ ನಿಯಮವನ್ನೇ ಇಲ್ಲೂ ಬಳಸಿ: 89ರಿಂದ 230 ಮಿ.ಮೀ. ನಡುವಿನ ಸಂದಿನಲ್ಲಿ ಮಗುವಿನ ಮೈ ನುಗ್ಗಿ ತಲೆ ಸಿಕ್ಕಿಕೊಳ್ಳಬಹುದು. ಸಂದು ಅದಕ್ಕಿಂತ ಕಿರಿದಾಗಿರಲಿ, ಇಲ್ಲವೇ ಅಗಲವಾಗಿರಲಿ. ಕಣ್ಣಿನ ಮಟ್ಟದಲ್ಲಿ ಚೂಪು ತುದಿ ಬೇಡ. ಒಳಬಾಗಿದ ಕನ್ನಡಿಯಂಥ ಉಕ್ಕು ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ ಸುಡಬಲ್ಲದು. ಅದಕ್ಕೆ ಮ್ಯಾಟ್ ಫಿನಿಶ್ ಕೇಳಿ, ಇಲ್ಲವೇ ಬಿಸಿಲು ಬೀಳದ ದಿಕ್ಕಿಗೆ ತಿರುಗಿಸಿ.

ಬಟ್ಟಲಿನಂಥ ಪ್ರತಿ ತಗ್ಗಿನಲ್ಲೂ ನೀರು ನಿಲ್ಲುತ್ತದೆ. ಒಂದು ವಾರ ಹತ್ತು ದಿನದಲ್ಲಿ ಅದರಿಂದ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಾರುತ್ತದೆ. ತೀರಾ ತಗ್ಗಿನ ಬಿಂದುವಿನಲ್ಲಿ 12 ಮಿ.ಮೀ. ತೂತು ಇರಬೇಕು. ಸಣ್ಣ ತೂತು ಒಂದೇ ಎಲೆಗೆ ಮುಚ್ಚಿಹೋಗುತ್ತದೆ. ಮಾದರಿ ಪರಿಶೀಲಿಸುವಾಗ ಅದರ ಮೇಲೆ ಒಂದು ಲೋಟ ನೀರು ಸುರಿದು ಎಲ್ಲಿ ನಿಂತಿತೆಂದು ನೋಡುವುದು ಅತ್ಯಂತ ಸುಲಭದ ಪರೀಕ್ಷೆ.

ನಮ್ಮ ಊರಿನದೇ ಒಂದು ವಿಷಯ: ಮುಖವಿರುವ ಕಪ್ಪು ಕಲ್ಲು ಮರದ ಬುಡದಲ್ಲಿದ್ದರೆ ಯಾರಾದರೂ ಅರಿಸಿನ ಕುಂಕುಮ ಇಡುತ್ತಾರೆ, ಎಣ್ಣೆ ಹಚ್ಚುತ್ತಾರೆ. ಅವರದು ತಪ್ಪೆನ್ನಲಾಗದು. ಆದರೆ ಪೂಜೆ ಶುರುವಾದ ಕೃತಿಯನ್ನು ಪ್ರದರ್ಶನ ಮುಗಿದ ಮೇಲೆ ಎತ್ತುವುದು ಕಷ್ಟ. ಅಂಥದ್ದನ್ನು ಮರದಿಂದ ದೂರ, ಓಡಾಟದ ನಡುವೆ, ಕಲಾವಿದರ ಹೆಸರಿನ ಫಲಕದೊಂದಿಗೆ ನಿಲ್ಲಿಸಿ.

ಆರಿಸುವ ಕ್ರಮ

ಸಮಿತಿಯಲ್ಲಿ ಏಳು ಮಂದಿ ಸಾಕು: ಇಬ್ಬರು ಶಿಲ್ಪಿಗಳು (ಒಬ್ಬರು ಕಲ್ಲಿನ ಕೆಲಸ ಬಲ್ಲವರು, ಒಬ್ಬರು ಲೋಹದ್ದು), ಕಲಾ ವಿಮರ್ಶಕರು, ಎಂಜಿನಿಯರ್, ಉದ್ಯಾನದ ಅಧಿಕಾರಿ, ಆ ಬಡಾವಣೆಯ ಒಬ್ಬರು, ಸಂಚಾಲಕರು. ಭದ್ರತೆಯ ವಿಷಯದಲ್ಲಿ ಎಂಜಿನಿಯರ್ ‘ಬೇಡ’ ಎಂದರೆ ಅದೇ ಕೊನೆ ಮಾತು, ಮತದಾನವಿಲ್ಲ. ಉಳಿದವರು ಅಂಕ ಕೊಡಲಿ, ಆದರೆ ಬರಿ ಸರಾಸರಿ ನೋಡಬೇಡಿ. ಸರಾಸರಿಯಲ್ಲಿ ಯಾರಿಗೂ ಬೇಸರವಿಲ್ಲದ, ಯಾರೂ ಮೆಚ್ಚದ ಕೃತಿ ಗೆಲ್ಲುತ್ತದೆ. ಇಬ್ಬರು ಪೂರ್ಣ ಅಂಕ ಕೊಟ್ಟು ಇಬ್ಬರು ಸೊನ್ನೆ ಕೊಟ್ಟದ್ದನ್ನು ಕಡ್ಡಾಯವಾಗಿ ಚರ್ಚೆಗೆ ಎತ್ತಿಕೊಳ್ಳಿ. ಊರು ನೆನಪಿಟ್ಟುಕೊಳ್ಳುವ ಕೃತಿ ಹೆಚ್ಚಾಗಿ ಆ ರಾಶಿಯಲ್ಲೇ ಇರುತ್ತದೆ.

ಅರ್ಜಿಗೆ ಆರು ವಾರ ಕೊಡಿ. ಮೊದಲ ಸುತ್ತಿನಲ್ಲಿ ಚಿತ್ರ, ಅಳತೆ, ವಸ್ತು, ಜಾಗದ ಆಯ್ಕೆ ನೋಡಿ ಇಪ್ಪತ್ತಕ್ಕೆ ಇಳಿಸಿ. ಆ ಇಪ್ಪತ್ತು ಮಂದಿಗೆ ಹಣ ಕೊಟ್ಟು 1:10 ಮಾದರಿ ಮಾಡಿಸಿ. ಪುಕ್ಕಟೆ ಮಾದರಿ ಕೇಳುವುದು ದುಡಿಯುವ ಕಲಾವಿದರಿಗೆ ಮಾಡುವ ಅವಮಾನ. ಮಾದರಿಯನ್ನು ಮೇಲಿಂದ ನೋಡಿ ತೀರ್ಪು ಕೊಡಬೇಡಿ. 1.6 ಮೀಟರಿನ ಕಣ್ಣಿನ ಮಟ್ಟ 1:10ರಲ್ಲಿ 16 ಸೆಂ.ಮೀ. ಆಗುತ್ತದೆ. ಮೊಬೈಲ್ ಕ್ಯಾಮೆರಾವನ್ನು ಮೇಜಿನಿಂದ ಅಷ್ಟೇ ಎತ್ತರಕ್ಕೆ ಹಿಡಿದು ಸುತ್ತ ತಿರುಗಿ. ಮೇಲಿಂದ ಚೆಂದ ಕಂಡ ಸುಳಿ ಈ ಮಟ್ಟದಿಂದ ಬರಿ ಗೋಡೆಯಾಗಿ ಕಾಣಬಹುದು. ಹತ್ತನ್ನು ಆರಿಸಿದ ಮೇಲೆ ಎರಡನ್ನು ಕಾಯುವ ಪಟ್ಟಿಯಲ್ಲಿಡಿ; ಎರಕ ಕೆಡುವುದು, ಕಲ್ಲಿನಲ್ಲಿ ಬಿರುಕು ಕಾಣುವುದು ಇದ್ದದ್ದೇ.

ಒಪ್ಪಂದದಲ್ಲಿ ಬರೆಯಬೇಕಾದ್ದು

ಸಾಗಣೆ, ವಿಮೆ, ಅಡಿಪಾಯ, ದುರಸ್ತಿ, ವಾಪಸು ಕಳಿಸುವುದು: ಪ್ರತಿಯೊಂದರ ಖರ್ಚು ಯಾರದೆಂದು ಬರೆಯಿರಿ. ಹೆಚ್ಚಾಗಿ ಮರೆತುಹೋಗುವುದು ಕೊನೆಯದು. ಕಲಾವಿದರನ್ನು ಕೇಳದೆ ಕೃತಿಯನ್ನು ಸ್ಥಳಾಂತರಿಸುವುದಾಗಲಿ, ಬಣ್ಣ ಬಳಿಯುವುದಾಗಲಿ ಮಾಡಬೇಡಿ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದಕ್ಕೆ, 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನಡಿ ದೆಹಲಿ ಹೈಕೋರ್ಟ್ 2005ರಲ್ಲಿ ₹5 ಲಕ್ಷ ಪರಿಹಾರ ಕೊಡಿಸಿ, ಉಳಿದ ಭಾಗಗಳನ್ನು ಕಲಾವಿದರಿಗೆ ಮರಳಿಸಿತು. ಅದೇ ಕಾಯ್ದೆ ಸಾರ್ವಜನಿಕ ಜಾಗದ ಶಿಲ್ಪದ ಫೋಟೊ ಪ್ರಕಟಿಸಲು ಕೊಡುವ ವಿನಾಯಿತಿ ಅಲ್ಲಿ ಶಾಶ್ವತವಾಗಿ ಇರುವ ಶಿಲ್ಪಕ್ಕೆ ಮಾತ್ರ. ತಾತ್ಕಾಲಿಕ ಪ್ರದರ್ಶನದ ಚಿತ್ರವನ್ನು ಕ್ಯಾಲೆಂಡರಿಗೆ ಬಳಸಬೇಕೆಂದರೆ ಕಲಾವಿದರ ಅನುಮತಿ ಪ್ರತ್ಯೇಕವಾಗಿ ಪಡೆಯಿರಿ.

ಕೃತಿ ಇಳಿಸಿದ ದಿನವೇ, ಕಲಾವಿದರ ಎದುರು, ನಾಲ್ಕೂ ಕಡೆಯ ಫೋಟೊ ತೆಗೆದು ಆಗಲೇ ಇರುವ ಗೀರು, ಬಿರುಕುಗಳನ್ನು ಬರೆದು ಇಬ್ಬರೂ ಸಹಿ ಹಾಕಿ. ಎತ್ತುವ ದಿನ ಅದೇ ಹಾಳೆ ಹಿಡಿದು ಮತ್ತೆ ನೋಡಿ. ಕಾಂಕ್ರೀಟ್ ಹಾಸು ಎತ್ತಿದ ಜಾಗಕ್ಕೆ ಮಣ್ಣು ಸಡಿಲಿಸಿ, ಗೊಬ್ಬರ ಹಾಕಿ, ಹುಲ್ಲು ನೆಟ್ಟು, ಅದು ಬೇರೂರುವ ತನಕ ನೀರು ಹಾಯಿಸುವ ಹೊಣೆ ಸಮಿತಿಯದು. ಆ ಹಣವನ್ನು ಮೊದಲೇ ಎತ್ತಿಡಿ.