ಆಯ್ಕೆ ಮರೆಮಾಡಿದರೆ ಸಾಲದು, ನಿಷ್ಕ್ರಿಯವೂ ಆಗಬೇಕು

‘ಹೆಸರು ಕೆತ್ತಿಸಬೇಕೇ?’ ಎಂಬುದಕ್ಕೆ ಟಿಕ್ ಹಾಕಿದಾಗ ಮಾತ್ರ ಹೆಸರು, ಅಕ್ಷರಶೈಲಿ ಕೇಳುವ ಪ್ರಾಡಕ್ಟ್ ಪೇಜ್ ಮಾಡುವವರು ಗಮನಿಸಿ. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನ ‘display: none’ನಿಂದ ಫೀಲ್ಡ್ (ಮಾಹಿತಿ ತುಂಬುವ ಜಾಗ) ಕಣ್ಣಿಗೆ ಮರೆಯಾಗುತ್ತದೆ, ಅಷ್ಟೇ. ಫಾರ್ಮ್ ಜೊತೆ ಅದರ ಮೌಲ್ಯ ಹೋಗಿಯೇ ಹೋಗುತ್ತದೆ. ಗ್ರಾಹಕರು ಹೆಸರು ಬರೆದು, ಮನಸ್ಸು ಬದಲಿಸಿ ಟಿಕ್ ತೆಗೆದರೂ ಆರ್ಡರ್‌ನಲ್ಲಿ ಆ ಹೆಸರು ಉಳಿಯುತ್ತದೆ. ಬೇಡವೆಂದವರ ವಸ್ತುವಿನ ಮೇಲೆ ಕೆತ್ತನೆ ಬಿದ್ದರೆ ಅದನ್ನು ಮರಳಿ ಮಾರುವಂತಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಕೆಟ್ಟದ್ದು. ಮರೆಯಾದ ಫೀಲ್ಡ್ ಖಾಲಿಯಿದ್ದು ಅದಕ್ಕೆ ರಿಕ್ವೈರ್ಡ್ (ಕಡ್ಡಾಯವಾಗಿ ತುಂಬಬೇಕೆಂಬ ಗುರುತು) ಇದ್ದರೆ ‘ಕಾರ್ಟ್‌ಗೆ ಸೇರಿಸಿ’ ಬಟನ್ ಒತ್ತಿದರೂ ಏನೂ ಆಗದು. ಕಾಣದ ಫೀಲ್ಡ್ ಪಕ್ಕ ಬ್ರೌಸರ್ ಸಂದೇಶ ತೋರಿಸಲಾರದು. ಗ್ರಾಹಕರು ಬೇಸತ್ತು ಹೊರಟುಬಿಡುತ್ತಾರೆ.

ಎರಡಕ್ಕೂ ಮದ್ದು ಒಂದೇ: ಸಂಬಂಧಪಟ್ಟ ಫೀಲ್ಡ್‌ಗಳನ್ನೆಲ್ಲ ಒಂದು ಫೀಲ್ಡ್‌ಸೆಟ್‌ (ಫೀಲ್ಡ್‌ಗಳನ್ನು ಗುಂಪು ಮಾಡುವ ಎಚ್‌ಟಿಎಂಎಲ್ ಟ್ಯಾಗ್) ಒಳಗೆ ಹಾಕಿ, ಮರೆಮಾಡುವಾಗಲೇ ಅದಕ್ಕೆ ಡಿಸೇಬಲ್ಡ್ (ನಿಷ್ಕ್ರಿಯ ಎಂಬ ಗುರುತು) ಕೊಡಿ. ಆಗ ಒಳಗಿನ ಮೌಲ್ಯ ರವಾನೆಯಾಗದು, ರಿಕ್ವೈರ್ಡ್ ತಪಾಸಣೆಯೂ ನಡೆಯದು. ತೋರಿಸುವಾಗ ಡಿಸೇಬಲ್ಡ್ ತೆಗೆಯಿರಿ. ಬರೆದ ಹೆಸರನ್ನು ಅಳಿಸಬೇಕಿಲ್ಲ, ಮತ್ತೆ ಟಿಕ್ ಹಾಕಿದವರಿಗೆ ಅದು ಹಾಗೆಯೇ ಸಿಗಲಿ.

ಪುಟ ತೆರೆದಾಗ ಮತ್ತು ಬ್ಯಾಕ್ ಒತ್ತಿ ಮರಳಿದಾಗಲೂ ಟಿಕ್‌ನ ಸ್ಥಿತಿ ನೋಡಿ ಹೀಗೆ ತೋರಿಸುವ, ಮರೆಮಾಡುವ ಫಂಕ್ಷನ್ (ಕೋಡ್ ತುಣುಕು) ಓಡಲಿ. ಕೆತ್ತನೆಯ ಹೆಚ್ಚುವರಿ ದರವನ್ನು ಮಾತ್ರ ಸರ್ವರ್‌ನಲ್ಲೇ ಲೆಕ್ಕ ಹಾಕಿ. ಬ್ರೌಸರ್ ಕಳಿಸಿದ ಮೊತ್ತವನ್ನು ಯಾರು ಬೇಕಾದರೂ ತಿದ್ದಬಹುದು.